ಅಟ್ಟದ ತೂಗುದೀಪ, ದುಬೈಯ ಶಾಂಡ್ಲಿಯರ್

ಪ್ರಶ್ನೆ: ಬದಿಯಡ್ಕ ಸಮೀಪದ ನಮ್ಮ ಹಳೆ ಹಂಚಿನ ಮನೆಯನ್ನು ರಿಪೇರಿ ಮಾಡಿಸುತ್ತಿದ್ದೇವೆ. ಹಿಂಬದಿಗೆ ಎರಡು ಮಾಳಿಗೆಯ ಹೊಸ ಭಾಗವೂ ಸೇರುತ್ತಿದೆ. ದುಬೈಯಲ್ಲಿರುವ ಮಗ ಚಾವಡಿಗೆ ಕ್ರಿಸ್ಟಲ್ ಶಾಂಡ್ಲಿಯರ್, ಅಂದರೆ ಹಲವು ಕೊಂಬೆಗಳ ಗಾಜಿನ ತೂಗುದೀಪ, ತರುತ್ತೇನೆ ಎನ್ನುತ್ತಾನೆ. ನಮ್ಮ ಮಾವನವರದು ಒಂದೇ ಮಾತು: "ಅದೆಲ್ಲ ಅರಮನೆಗೆ, ನಮ್ಮಂಥವರ ಮನೆಗಲ್ಲ." ಈ ನಡುವೆ ಅಟ್ಟ ಖಾಲಿ ಮಾಡುವಾಗ ಗೋಣಿಯಲ್ಲಿ ಸುತ್ತಿಟ್ಟ ಹಿತ್ತಾಳೆಯ ಒಂದು ತೂಗುದೀಪ ಸಿಕ್ಕಿತು. ದೊಡ್ಡ ಬಳೆ, ಅದರ ಸುತ್ತ ಗಾಜಿನ ಕಡ್ಡಿಗಳು, ಸರಪಳಿ, ಮೇಲೆ ಒಂದು ಗುಂಡು. ಫೋಟೋ ಕಳಿಸಿದ್ದೇನೆ. ಶಾಂಡ್ಲಿಯರ್ ಮನೆಯೊಳಗೆ ಬಂದದ್ದು ಯಾವಾಗ? ನಮ್ಮ ಚಾವಡಿಗೆ ಅದು ಒಪ್ಪುತ್ತದಾ? ಅಟ್ಟದಲ್ಲಿ ಸಿಕ್ಕಿದ್ದು ಏನು?

ಉತ್ತರ: ನಿಮ್ಮ ಮಾವನವರ ಮಾತಿನಲ್ಲಿ ಮುಕ್ಕಾಲು ಪಾಲು ಸತ್ಯ ಉಂಟು. ಉಳಿದ ಕಾಲು ಪಾಲಿಗೆ ಉತ್ತರ ಅವರದೇ ಅಟ್ಟದಲ್ಲಿತ್ತು. ಅದಕ್ಕೆ ಆಮೇಲೆ ಬರುತ್ತೇನೆ.

ಶಾಂಡ್ಲಿಯರ್ ಹುಟ್ಟಿದ್ದು ಅಂದಕ್ಕಾಗಿ ಅಲ್ಲ. ಮಧ್ಯಯುಗದ ಯುರೋಪಿನ ಚರ್ಚುಗಳಲ್ಲಿ, ದೊರೆಗಳ ದೊಡ್ಡ ಹಜಾರಗಳಲ್ಲಿ ಎರಡು ಮರದ ಪಟ್ಟಿಗಳನ್ನು ಅಡ್ಡಡ್ಡ ಕೂಡಿಸಿ, ತುದಿಗಳಲ್ಲಿ ಕಬ್ಬಿಣದ ಮುಳ್ಳು ಹೊಡೆದು, ಮುಳ್ಳಿಗೆ ಕ್ಯಾಂಡಲಿನಂಥ ಬತ್ತಿ ಚುಚ್ಚಿ, ಹಗ್ಗ ಕಟ್ಟಿ ಮೇಲಕ್ಕೆ ಎಳೆಯುತ್ತಿದ್ದರು. ಅಷ್ಟೇ ಅದರ ಮೂಲ. ಉರಿಯನ್ನು ಜನರ ತಲೆಯ ಮೇಲಕ್ಕೆ ಒಯ್ದರೆ ನೆರಳು ಕಡಿಮೆ, ಬೆಳಕು ಹೆಚ್ಚು ಜನರಿಗೆ ಸಿಗುತ್ತದೆ. ಬತ್ತಿ ಮುಗಿದರೆ ಹಗ್ಗ ಸಡಿಲಿಸಿ ಇಳಿಸುವುದು, ಹೊಸತು ಚುಚ್ಚುವುದು, ಪುನಃ ಏರಿಸುವುದು. ಪ್ರಾಣಿಗಳ ಕೊಬ್ಬಿನಿಂದ ಮಾಡಿದ ಬತ್ತಿ ಅಗ್ಗ, ಆದರೆ ಹೊಗೆ ಮತ್ತು ನಾತ. ಜೇನುಮೇಣದ್ದು ಚೆನ್ನಾಗಿ ಉರಿಯುತ್ತಿತ್ತು, ಆದರೆ ದುಬಾರಿ. ಈ ದುಬಾರಿತನವನ್ನು ನೆನಪಿನಲ್ಲಿಟ್ಟರೆ ಶಾಂಡ್ಲಿಯರಿನ ಮುಂದಿನ ಕಥೆಯೆಲ್ಲ ತಾನಾಗಿ ಬಿಚ್ಚಿಕೊಳ್ಳುತ್ತದೆ.

ಮನೆಯೊಳಗೆ ಅದು ಯಾವಾಗ ಬಂತು ಎಂದಿರಿ. ಯಾನ್ ವಾನ್ ಐಕ್ ಎಂಬ ಕಲಾವಿದ 1434ರಲ್ಲಿ ಬರೆದ ಆರ್ನೊಲ್ಫಿನಿ ದಂಪತಿಯ ಚಿತ್ರ ಈಗ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಬ್ರೂಜ್ ನಗರದಲ್ಲಿ ನೆಲೆಸಿದ್ದ ಇಟಲಿಯ ಒಬ್ಬ ವ್ಯಾಪಾರಿ, ಅವನ ಹೆಂಡತಿ, ಅವರ ಕೋಣೆ. ತಲೆಯ ಮೇಲೆ ಹಿತ್ತಾಳೆಯ ಕೊಂಬೆ ಕೊಂಬೆ ಶಾಂಡ್ಲಿಯರ್. ರಾಜನಲ್ಲ, ಬಟ್ಟೆ ವ್ಯಾಪಾರಿ ಎಂಬುದನ್ನು ಗಮನಿಸಿ. ಇನ್ನೊಂದು ಗಮನಿಸಬೇಕಾದ್ದೆಂದರೆ, ಅಷ್ಟು ಕೊಂಬೆಗಳಲ್ಲಿ ಉರಿಯುವುದು ಒಂದೇ ಬತ್ತಿ, ಅದೂ ಹಗಲಿನಲ್ಲಿ. ಆ ಒಂಟಿ ಬತ್ತಿಗೆ ವಿದ್ವಾಂಸರು ಏನೇನೋ ಅರ್ಥ ಹೇಳುತ್ತಾರೆ. ಇದಾಗಿ ಎರಡು ಶತಮಾನ ಕಳೆದ ಮೇಲೆ ಹಾಲೆಂಡಿನ ವರ್ಮೀರ್ ಬರೆದ ಕಲಾವಿದನ ಕೋಣೆಯ ಚಿತ್ರದಲ್ಲೂ ಅಂಥದೇ ಹಿತ್ತಾಳೆಯ ಶಾಂಡ್ಲಿಯರ್ ಉಂಟು. ಅದರಲ್ಲಿ ಬತ್ತಿಯೇ ಇಲ್ಲ. ತೂಗುಹಾಕುವುದು ಬೇರೆ, ಉರಿಸುವುದು ಬೇರೆ ಎನ್ನುವ ಮಟ್ಟಕ್ಕೆ ಆಗಲೇ ಅದು ಮನೆಯ ಅಂತಸ್ತಿನ ಗುರುತಾಗಿತ್ತು ಎಂದು ನನಗೆ ತೋರುತ್ತದೆ.

ಆ ಹಾಲೆಂಡಿನ ಶಾಂಡ್ಲಿಯರುಗಳ ಅಡಿಯಲ್ಲಿ ತೆಂಗಿನಕಾಯಿ ಗಾತ್ರದ ಒಂದು ನುಣುಪಾದ ಹಿತ್ತಾಳೆ ಗುಂಡು ಇರುತ್ತದೆ. ಜನ ಅದನ್ನು ಅಲಂಕಾರ ಎಂದುಕೊಳ್ಳುತ್ತಾರೆ. ಅದಕ್ಕೆ ಎರಡು ಕೆಲಸ. ಭಾರವೆಲ್ಲ ಕೆಳಗಿರುವುದರಿಂದ ದೀಪ ವಾಲುವುದಿಲ್ಲ. ಉಜ್ಜಿ ಹೊಳೆಯುವ ಮೈಯಲ್ಲಿ ಪ್ರತಿ ಉರಿಯ ಬಿಂಬ ಮೂಡಿ ಆರು ಬತ್ತಿಗೆ ಆರು ಹೆಚ್ಚುವರಿ ಕಿಡಿ ಕಾಣುತ್ತದೆ. ಗಾಜು ಬಂದದ್ದೂ ಇದೇ ಲೆಕ್ಕಾಚಾರದಲ್ಲಿ. ಮೊದಲು ಫ್ರಾನ್ಸಿನ ಆಸ್ಥಾನದಲ್ಲಿ ನೈಸರ್ಗಿಕ ಸ್ಫಟಿಕ ಶಿಲೆಯನ್ನೇ ಕಡೆದು ಕಟ್ಟುತ್ತಿದ್ದರು. ಅದು ನಿಜಕ್ಕೂ ಅರಮನೆಯ ಮಾತು. 1674ರಲ್ಲಿ ಇಂಗ್ಲೆಂಡಿನ ಜಾರ್ಜ್ ರೇವನ್ಸ್‌ಕ್ರಾಫ್ಟ್ ಎಂಬವನಿಗೆ ಹೊಸ ಬಗೆಯ ಗಾಜಿಗೆ ಪೇಟೆಂಟ್ ಸಿಕ್ಕಿತು. ಸೀಸದ ಆಕ್ಸೈಡ್ ಸೇರಿಸಿದ ಆ ಗಾಜು ಮೆದು, ಆದ್ದರಿಂದ ಚಕ್ರಕ್ಕೆ ಹಿಡಿದು ಮೂಲೆ ಮೂಲೆಯಾಗಿ ಕತ್ತರಿಸಲು ಸುಲಭ. ಬೆಳಕನ್ನು ಬಾಗಿಸುವುದೂ ಹೆಚ್ಚು. ಅಲ್ಲಿಂದ ಮುಂದೆ ಸ್ಫಟಿಕದ ಜಾಗಕ್ಕೆ ಗಾಜು ಬಂತು. ಬೊಹೀಮಿಯಾದಲ್ಲಿ, ಅಂದರೆ ಇಂದಿನ ಚೆಕ್ ದೇಶದಲ್ಲಿ, ಹಳ್ಳಿಗಳೇ ಈ ಕಸುಬಿಗೆ ನಿಂತವು. ವೆನಿಸ್ ಪಕ್ಕದ ಮುರಾನೊ ದ್ವೀಪದವರು ಕತ್ತರಿಸುವ ಗೋಜಿಗೆ ಹೋಗದೆ ಬಿಸಿ ಗಾಜನ್ನೇ ಎಳೆದು ಹೂವು, ಎಲೆ ಮಾಡಿ ಕೊಂಬೆಗೆ ಸಿಕ್ಕಿಸಿದರು.

ಈಗ ಒಂದು ಸಣ್ಣ ಲೆಕ್ಕ. ಇಂಗ್ಲೆಂಡಿನ ಬಾತ್ ಪಟ್ಟಣದ ಅಸೆಂಬ್ಲಿ ರೂಮ್ಸ್ 1771ರಲ್ಲಿ ತೆರೆದಾಗ ಅದರ ನೃತ್ಯದ ಹಜಾರದಲ್ಲಿ ಐದು ಶಾಂಡ್ಲಿಯರ್, ಒಂದೊಂದರಲ್ಲಿ 40 ಮೇಣದ ಬತ್ತಿ. ಆ ಕಾಲಕ್ಕೆ ಕಣ್ಣು ಕೋರೈಸುವ ವೈಭವ. ಬೆಳಕಿನ ಅಳತೆಯಾದ ಲ್ಯೂಮೆನ್ ಲೆಕ್ಕದಲ್ಲಿ ಒಂದು ಮೇಣದ ಬತ್ತಿಯ ಬೆಳಕು ಸುಮಾರು 12. ಅಂದರೆ 40 ಬತ್ತಿಯ ಒಂದು ಶಾಂಡ್ಲಿಯರ್ ಕೊಡುತ್ತಿದ್ದದ್ದು 500 ಲ್ಯೂಮೆನ್ ಆಸುಪಾಸು. ನಿಮ್ಮ ಬಚ್ಚಲಿನ 9 ವ್ಯಾಟ್ ಎಲ್‌ಇಡಿ ಬಲ್ಬಿನ ಪೆಟ್ಟಿಗೆ ತಿರುಗಿಸಿ ನೋಡಿ, 800ಕ್ಕಿಂತ ಮೇಲಿರುತ್ತದೆ. ಇನ್ನೂರು ಬತ್ತಿಯ ಆ ಇಡೀ ಹಜಾರಕ್ಕೆ ಇಂದಿನ ಮೂರು ಬಲ್ಬು ಸಮ! ಅಷ್ಟು ಮಂದ ಬೆಳಕಿನಲ್ಲಿ ಗಾಜಿನ ಲೋಲಕಗಳು ಬೇಕಿದ್ದವು. ಗಾಜು ಬೆಳಕನ್ನು ಹುಟ್ಟಿಸುವುದಿಲ್ಲ, ಇರುವ ಉರಿಯನ್ನು ನೂರು ಕಡೆ ತೋರಿಸುತ್ತದೆ. ಉರಿ ಗಾಳಿಗೆ ಅಲುಗುತ್ತದೆ, ಅದರೊಂದಿಗೆ ನೂರು ಕಿಡಿಗಳೂ ಅಲುಗುತ್ತವೆ. ಶಾಂಡ್ಲಿಯರಿನ ಮಾಯೆ ಇರುವುದು ಅಲ್ಲಿ.

ಅದೇ ಬಾತ್ ಪಟ್ಟಣದಲ್ಲಿ ಮೊದಲು ತೂಗಿದ ಶಾಂಡ್ಲಿಯರ್ ಒಂದರ ಕೊಂಬೆ ಮುರಿದು ಬಿದ್ದು ಥಾಮಸ್ ಗೇನ್ಸ್‌ಬರೋ ಎಂಬ ಹೆಸರಾಂತ ಚಿತ್ರಕಾರನ ತಲೆ ಸ್ವಲ್ಪದರಲ್ಲಿ ತಪ್ಪಿತಂತೆ. ಆಮೇಲೆ ವಿಲಿಯಂ ಪಾರ್ಕರ್ ಎಂಬವನಿಂದ ಹೊಸತು ಮಾಡಿಸಿದರು. ಇದನ್ನು ನಿಮ್ಮ ಬಡಗಿಗೂ ಎಲೆಕ್ಟ್ರಿಷನ್ನಿಗೂ ಒಮ್ಮೆ ಹೇಳಿ.

ಸರಕಾರದ ತೆರಿಗೆಯೂ ಶಾಂಡ್ಲಿಯರಿನ ರೂಪ ತಿದ್ದಿದೆ. ಬ್ರಿಟನ್ 1745ರಲ್ಲಿ ಗಾಜಿಗೆ ತೂಕದ ಲೆಕ್ಕದಲ್ಲಿ ಸುಂಕ ಹಾಕಿತು. ದಪ್ಪ ಗಾಜಿನ ಕೊಂಬೆ ದುಬಾರಿಯಾಯಿತು. ಸುಂಕವಿಲ್ಲದ ಐರ್ಲೆಂಡಿನಲ್ಲಿ ಗಾಜಿನ ಕಾರ್ಖಾನೆಗಳು ಎದ್ದವು. ಅವುಗಳಲ್ಲಿ ವಾಟರ್‌ಫರ್ಡ್ ಕಾರ್ಖಾನೆ 1783ರದ್ದು. ಹತ್ತೊಂಬತ್ತನೆಯ ಶತಮಾನದ ಆರಂಭಕ್ಕೆ ಲೋಹದ ಬಳೆಗೆ ಸಣ್ಣ ಸಣ್ಣ ಗಾಜಿನ ಮಣಿಸರ ಇಳಿಬಿಟ್ಟು ಡೇರೆಯಂತೆ ಕಟ್ಟುವ ಶೈಲಿ ಬಂತು. ಇಂದು ಮದುವೆ ಹಾಲುಗಳಲ್ಲಿ ಕಾಣುವ ಬಹುತೇಕ ಶಾಂಡ್ಲಿಯರುಗಳು ಅದರ ಮೊಮ್ಮಕ್ಕಳು. 1845ರಲ್ಲಿ ಸುಂಕ ಹೋಯಿತು, ತೂಕಕ್ಕೆ ಲಂಗುಲಗಾಮು ಇಲ್ಲದಾಯಿತು.

ಭಾರತದ ಪಾಲಿಗೆ ಆ ಹೊತ್ತು ಮುಖ್ಯ. ಬರ್ಮಿಂಗ್‌ಹ್ಯಾಮಿನ ಓಸ್ಲರ್ ಕಂಪೆನಿ 1840ರ ದಶಕದಲ್ಲೇ ಕಲ್ಕತ್ತೆಯಲ್ಲಿ ಮಳಿಗೆ ತೆರೆಯಿತು. ರಾಜರು, ಜಮೀನ್ದಾರರು ಮುಗಿಬಿದ್ದು ಕೊಂಡರು. ಗ್ವಾಲಿಯರಿನ ಜೈವಿಲಾಸ ಅರಮನೆಯ (1874) ದರ್ಬಾರ್ ಹಾಲಿನ ಎರಡು ಶಾಂಡ್ಲಿಯರ್ ತಲಾ ಮೂರೂವರೆ ಟನ್ ಎನ್ನುತ್ತಾರೆ, ತೂಗುವ ಮೊದಲು ತಾರಸಿ ತಾಳುತ್ತದಾ ಎಂದು ಆನೆ ಹತ್ತಿಸಿ ನೋಡಿದರೆಂಬ ಕಥೆಯೂ ಉಂಟು. ಹೈದರಾಬಾದಿನ ಚೌಮಹಲ್ಲಾದ ದರ್ಬಾರಿನಲ್ಲಿ 19 ತೂಗುತ್ತಿವೆ. ನಿಮ್ಮ ಮಾವನವರ ಕಣ್ಣಿನಲ್ಲಿರುವುದು ಇಂಥವೇ ಇರಬೇಕು. ಆದರೆ ದಕ್ಷಿಣದಲ್ಲಿ ವ್ಯಾಪಾರಿಗಳ ಮನೆಗೂ ಅವು ಹೊಕ್ಕಿವೆ. ತಮಿಳುನಾಡಿನ ಚೆಟ್ಟಿನಾಡಿನ ಮನೆಗಳಿಗೆ ಹೋದರೆ ಬರ್ಮಾದ ತೇಗದ ಕಂಬ, ಬೆಲ್ಜಿಯಂ ಕನ್ನಡಿ, ಅದರೊಂದಿಗೆ ಗಾಜಿನ ತೂಗುದೀಪ ಕಾಣಬಹುದು. ನಮ್ಮ ಕೇರಳ ರಾಜ್ಯದಲ್ಲೇ ಕೊಚ್ಚಿಯ ಮಟ್ಟಾಂಚೇರಿಯ ಯಹೂದಿ ಸಿನಗಾಗ್‌ನಲ್ಲಿ ಬೆಲ್ಜಿಯಂ ಗಾಜಿನ ಶಾಂಡ್ಲಿಯರುಗಳಿವೆ. ಅಲ್ಲಿ ಅವು ತಲೆಗೆ ತಾಗುತ್ತವೋ ಎಂಬಷ್ಟು ಕೆಳಗೆ, ಗುಂಪಾಗಿ ತೂಗುತ್ತವೆ. ಮಾಡು, ಅಂದರೆ ಚಾವಣಿ, ಎತ್ತರವಿಲ್ಲದಿದ್ದರೂ ಶಾಂಡ್ಲಿಯರ್ ಚೆನ್ನಾಗಿ ಕಾಣಬಹುದು ಎಂಬುದಕ್ಕೆ ನಾನು ಯಾವಾಗಲೂ ಕೊಡುವ ಉದಾಹರಣೆ ಅದು.

ಹಾಗಾದರೆ ನಮ್ಮ ಕುಂಬಳೆ, ಮಂಜೇಶ್ವರ ಸೀಮೆಯ ಹಳೆ ಮನೆಗಳಲ್ಲಿ ಅದೇಕೆ ಇರಲಿಲ್ಲ? ಬಡತನ ಎಂದು ಹೇಳಿ ಮುಗಿಸಿಬಿಡುವವರಿದ್ದಾರೆ. ನಾನು ಒಪ್ಪುವುದಿಲ್ಲ. ಚಿನ್ನ, ಕಂಚು, ಕೆತ್ತನೆಯ ಕಂಬಗಳಿಗೆ ಹಣ ಇದ್ದ ಮನೆಗಳು ನಮ್ಮಲ್ಲಿ ಸಾಕಷ್ಟಿದ್ದವು. ನನ್ನ ಪ್ರಕಾರ ಕಾರಣ ಮನೆಯ ಮಾಡು. ಮುಳಿಹುಲ್ಲಿನದ್ದೋ, ಅಡಿಕೆ ಸೋಗೆಯದ್ದೋ, ತೆಂಗಿನ ಮಡಲಿನದ್ದೋ ಮಾಡು ಇರುವ ಮನೆಯಲ್ಲಿ ಉರಿಯನ್ನು ಮೇಲಕ್ಕೆ ಏರಿಸುವ ಧೈರ್ಯ ಯಾರಿಗಿರುತ್ತದೆ? ಹಾಗಾಗಿ ನಮ್ಮ ಬೆಳಕು ನೆಲದ ಬೆಳಕು. ಹೊನ್ನೆ ಎಣ್ಣೆಯ, ತೆಂಗಿನೆಣ್ಣೆಯ ಕಾಲುದೀಪ, ಗೋಡೆಯ ಗೂಡಿನಲ್ಲಿ ಹಣತೆ, ಹೊರಗೆ ಹೋಗಲು ಸೂಟೆ. ಸರಪಳಿಯ ತೂಗುದೀಪ ಇದ್ದದ್ದು ದೇವಸ್ಥಾನದಲ್ಲಿ, ದೈವದ ಚಾವಡಿಯಲ್ಲಿ, ಅದೂ ಆಳೆತ್ತರಕ್ಕೆ ಕೈಗೆಟುಕುವಂತೆ. ಆ ಜಾತಿಯ ದೀಪಗಳಲ್ಲಿ ಅತ್ಯುತ್ತಮವಾದದ್ದನ್ನು ನೋಡಬೇಕಿದ್ದರೆ ಕನ್ಯಾಕುಮಾರಿ ಜಿಲ್ಲೆಯ ಪದ್ಮನಾಭಪುರಂ ಅರಮನೆಗೆ ಹೋಗಿ. ಪ್ರವೇಶ ಮಂಟಪದಲ್ಲಿ ಕುದುರೆ ಸವಾರನಿರುವ ಹಿತ್ತಾಳೆಯ ತೂಗುದೀಪ ಉಂಟು. ಸರಪಳಿಯ ಕೊಂಡಿಗಳ ಹೆಣಿಗೆ ಎಷ್ಟು ಚಂದವೆಂದರೆ ದೀಪವನ್ನು ಯಾವ ದಿಕ್ಕಿಗೆ ತಿರುಗಿಸಿ ಬಿಟ್ಟರೂ ಅದೇ ದಿಕ್ಕಿಗೆ ನಿಲ್ಲುತ್ತದೆ. ಒಂದೇ ಒಂದು ಗಾಜಿನ ಚೂರೂ ಇಲ್ಲದೆ ಒಂದು ಮಂಟಪವನ್ನು ಅದು ಆಳುತ್ತದೆ.

ಬದಲಾವಣೆ ಎರಡು ಕಡೆಯಿಂದ ಬಂತು. ಮಂಗಳೂರಿನಲ್ಲಿ ಬಾಸೆಲ್ ಮಿಷನ್ 1865ರಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ನಿಧಾನಕ್ಕೆ ನಮ್ಮ ಮಾಡುಗಳು ಹಂಚಿನದ್ದಾದವು. ಹಂಚಿಗೆ ಕಿಡಿಯ ಹೆದರಿಕೆ ಇಲ್ಲ. ಸುಮಾರು ಅದೇ ಕಾಲಕ್ಕೆ ಚಿಮಿಣಿ ಎಣ್ಣೆ, ಅಂದರೆ ಸೀಮೆಎಣ್ಣೆ, ಬಂತು. ಪೋಲೆಂಡಿನ ಇಗ್ನಾಸಿ ಲುಕಾಸ್ಯೆವಿಚ್ 1853ರಲ್ಲಿ ಲ್ವಿವ್ ನಗರದಲ್ಲಿ ಹೊತ್ತಿಸಿದ ಸೀಮೆಎಣ್ಣೆ ದೀಪ ಕೆಲವೇ ದಶಕಗಳಲ್ಲಿ ಜಗತ್ತನ್ನೆಲ್ಲ ಸುತ್ತಿತು. ತಿಂಗಳಿಗೆ ಕಟ್ಟುಗಟ್ಟಲೆ ಮೇಣದ ಬತ್ತಿ ಕೊಳ್ಳಲಾಗದ ಮಧ್ಯಮ ವರ್ಗದವರು ಮೊದಲ ಸಲ ಕೋಣೆಯ ನಡುವೆ ದೀಪ ತೂಗಿದರು. ಒಂದೇ ಉರಿ, ಆದರೆ ಹತ್ತು ಮೇಣದ ಬತ್ತಿಗೆ ಸಮವಾದ ಉರಿ.

ನಿಮ್ಮ ಅಟ್ಟದಲ್ಲಿ ಸಿಕ್ಕಿದ್ದು ಅದು. ಫೋಟೋದಲ್ಲಿ ಕಾಣುವ ದೊಡ್ಡ ಬಳೆಯ ಮೇಲೆ ಹಾಲುಬಣ್ಣದ ಗಾಜಿನ ಕೊಡೆ ಕೂರುತ್ತಿತ್ತು, ಅದು ಒಡೆದುಹೋಗಿರಬೇಕು. ನಡುವಿನ ಖಾಲಿ ತಟ್ಟೆ ಎಣ್ಣೆಬುರುಡೆಯ ಜಾಗ. ಬಳೆಯ ಅಂಚಿನಲ್ಲಿ ಸಾಲಾಗಿ ತೂತುಗಳಿವೆ, ಒಂದೊಂದರಲ್ಲಿ ಒಂದು ಮೂರುಮೂಲೆಯ ಗಾಜಿನ ಕಡ್ಡಿ. ಶ್ರೀಮಂತರ ಶಾಂಡ್ಲಿಯರಿನ ನೆನಪಿಗೆ ಎಂದು ಅಂಟಿಸಿದ ಬಾಲ ಅದು. ಮೇಲಿನ ಗುಂಡಿನಲ್ಲಿ ಭಾರ ತುಂಬಿದೆ. ಸರಪಳಿ ಸಣ್ಣ ಗಾಲಿಗಳ ಮೇಲೆ ಹಾದು ದೀಪಕ್ಕೂ ಗುಂಡಿಗೂ ಕೊಂಡಿ ಹಾಕುತ್ತದೆ. ದೀಪವನ್ನು ಮೆಲ್ಲಗೆ ಕೆಳಗೆಳೆದರೆ ಗುಂಡು ಮೇಲಕ್ಕೆ, ಬಿಟ್ಟಲ್ಲಿ ದೀಪ ನಿಲ್ಲುತ್ತದೆ. ಎಣ್ಣೆ ಹಾಕಲು, ಬತ್ತಿ ಕತ್ತರಿಸಲು, ಪುಸ್ತಕ ಓದಲು ಬೇಕಾದಷ್ಟು ಇಳಿಸಬಹುದು. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಇಪ್ಪತ್ತನೆಯದರ ಆರಂಭದವರೆಗೆ ಇಂಥವು ಯುರೋಪು, ಅಮೆರಿಕಗಳಲ್ಲಿ ಹೇರಳವಾಗಿ ತಯಾರಾದವು. ಗೋಣಿಯಲ್ಲಿ ಬರ್ನರ್ ಸಿಕ್ಕಿದರೆ ಬತ್ತಿ ಏರಿಸುವ ತಿರುಪಿನ ಬಿಲ್ಲೆಯನ್ನು ಒರೆಸಿ ನೋಡಿ. ತಯಾರಕರು ಹೆಸರು, ಮುದ್ರೆ ಒತ್ತುತ್ತಿದ್ದದ್ದು ಹೆಚ್ಚಾಗಿ ಅಲ್ಲಿಯೇ. ವಿಯೆನ್ನಾದ ಡಿಟ್ಮಾರ್, ಬರ್ಲಿನಿನ ವೈಲ್ಡ್ ಆಂಡ್ ವೆಸ್ಸೆಲ್ ಆ ಕಾಲದ ದೊಡ್ಡ ಹೆಸರುಗಳು.

ಆಮೇಲೆ ಬಂದ ಗ್ಯಾಸ್‌ಲೈಟಿನ ಬಗ್ಗೆ ಒಂದು ಮಾತು ಹೇಳದೆ ಇರಲಾರೆ, ಅದರ ಬೆಳಕಿನಲ್ಲಿ ತಾಳಮದ್ದಳೆ ಕೇಳಿದ ಊರಿನವರಲ್ಲವೇ ನಾವು. ಆ ಬಿಳಿ ಬೆಳಕಿಗೆ ಕಾರಣ ಅದರ ಮ್ಯಾಂಟಲ್, ಅಂದರೆ ಉರಿಯ ಸುತ್ತ ಕೂರುವ ಬಲೆಯಂಥ ಚೀಲ. ಆಸ್ಟ್ರಿಯಾದ ಆವರ್ ಫೊನ್ ವೆಲ್ಸ್‌ಬಾಖ್ 1885ರಲ್ಲಿ ಕಂಡುಹಿಡಿದದ್ದು. ಅದಕ್ಕೆ ಬೇಕಾದ ಥೋರಿಯಂ ಮೊನಜೈಟ್ ಮರಳಿನಲ್ಲಿ ಸಿಗುತ್ತದೆ. 1909ರಲ್ಲಿ ಶೋಂಬರ್ಗ್ ಎಂಬ ಜರ್ಮನ್ ರಸಾಯನಶಾಸ್ತ್ರಜ್ಞ ತಿರುವಾಂಕೂರಿನಿಂದ ಹೋದ ತೆಂಗಿನ ನಾರಿಗೆ ಮೆತ್ತಿಕೊಂಡಿದ್ದ ಮರಳಿನಲ್ಲಿ ಅದನ್ನು ಪತ್ತೆ ಮಾಡಿದ. ಹಾಗೆ ಮಣವಾಳಕುರಿಚಿಯ ಕಡಲತೀರದ ಮರಳು ಯುರೋಪಿನ ಬೀದಿ ಬೆಳಗಲು ಹಡಗು ಹತ್ತಿತು.

ವಿದ್ಯುತ್ತು ಬಂದ ಮೇಲೆ ಶಾಂಡ್ಲಿಯರಿನ ಕೆಲಸ ಮುಗಿಯಿತು, ಅಲಂಕಾರ ಉಳಿಯಿತು. ಉರಿ ಮೇಲ್ಮುಖವಾಗಿಯೇ ಇರಬೇಕೆಂಬ ನಿಯಮ ಹೋಯಿತು, ಬಲ್ಬು ಕೆಳಮುಖವಾಯಿತು. ಇಳಿಸಿ ಏರಿಸುವ ಹಗ್ಗ, ಗಾಲಿ ಹೋದವು. ನಮ್ಮ ಕಡೆ ಶಾಂಡ್ಲಿಯರ್ ನಿಜವಾಗಿ ಮನೆಮನೆಗೆ ಬಂದದ್ದು ಗಲ್ಫ್ ಹಣದೊಂದಿಗೆ, ಟೆರೇಸು ಮನೆಗಳ ಎರಡು ಮಾಳಿಗೆ ಎತ್ತರದ ಹಾಲುಗಳಿಗೆ. ಅದನ್ನು ಹೀಯಾಳಿಸುವವರ ಗುಂಪಿಗೆ ನಾನು ಸೇರಿದವನಲ್ಲ. ಬ್ರೂಜ್‌ನ ಆ ಬಟ್ಟೆ ವ್ಯಾಪಾರಿ ಮಾಡಿದ್ದೂ ಅದನ್ನೇ. ಆದರೆ ಒಂದು ತಕರಾರು ಉಂಟು. ಹನ್ನೆರಡು ಕೊಂಬೆಗೆ ಹನ್ನೆರಡು ಬಿಳಿ ಬಲ್ಬು ತಿರುಗಿಸಿ, ಚಾವಣಿಯ ಸಾಲು ದೀಪಗಳನ್ನೂ ಹಾಕಿದರೆ ಗಾಜು ಸತ್ತ ಹಾಗೆ. ಸುತ್ತ ಮಬ್ಬಿದ್ದರೆ ಮಾತ್ರ ಲೋಲಕ ಮಿನುಗುತ್ತದೆ.

ಇನ್ನು ನಿಮ್ಮ ಚಾವಡಿ. ಮರದ ಮುಚ್ಚಿಗೆ, ಕಪ್ಪು ತೊಲೆ, ಕೆಂಪು ನೆಲ ಎಂದು ಬರೆದಿದ್ದೀರಿ. ಅಲ್ಲಿಗೆ ಕ್ರಿಸ್ಟಲ್ ಬೇಡ. ಒಪ್ಪದು ಎಂಬುದು ನನ್ನ ರುಚಿಯ ಮಾತಷ್ಟೇ ಅಲ್ಲ. ಕಪ್ಪು ಮರ ಬೆಳಕನ್ನು ನುಂಗುತ್ತದೆ, ಮೇಲಿನಿಂದ ಚೆಲ್ಲಿದ ಮಿನುಗು ಎಲ್ಲೂ ಪ್ರತಿಫಲಿಸದೆ ಕಳೆದುಹೋಗುತ್ತದೆ. ಆ ಕೋಣೆ ಕೆಳಗಿನ ಬೆಳಕಿಗೆಂದೇ ಕಟ್ಟಿದ್ದು. ಅಟ್ಟದ ದೀಪವನ್ನು ಅಲ್ಲಿ ತೂಗಿ, ಕೂರುವ ಜಾಗದ ನಡುವೆ. ಕೆಳಗೆ ಮೇಜು ಇದ್ದರೆ ಮೇಜಿನಿಂದ ಎರಡೂವರೆ ಮೂರು ಅಡಿ ಮೇಲೆ, ಜನ ಓಡಾಡುವಲ್ಲಾದರೆ ನೆಲದಿಂದ ಏಳು ಅಡಿಗೆ ಕಡಿಮೆ ಬೇಡ. ಹಿತ್ತಾಳೆಗೆ ತೂತು ಕೊರೆಯಲು ಯಾರಿಗೂ ಬಿಡಬೇಡಿ. ಎಣ್ಣೆಬುರುಡೆಯ ತಟ್ಟೆಯಲ್ಲಿ ಕೂರುವ ಹೋಲ್ಡರ್ ಮಾಡಿಸಿ ವಯರನ್ನು ಸರಪಳಿಯ ಜೊತೆ ಸಾಗಿಸಬಹುದು, ನಾಳೆ ಬೇಕೆಂದರೆ ಮತ್ತೆ ಎಣ್ಣೆದೀಪವೇ ಆದೀತು. ಲೋಹದ ಮೈಯಾದ್ದರಿಂದ ಅರ್ತಿಂಗ್ ವಯರ್ ಕಡ್ಡಾಯ. ಕರೆಂಟು ಸೋರಿದರೆ ತಾನಾಗಿ ಕಡಿಯುವ ಇಎಲ್‌ಸಿಬಿ ಬೋರ್ಡಿನಲ್ಲಿ ಇದೆಯಾ ನೋಡಿಕೊಳ್ಳಿ. ಬಲ್ಬು 2700 ಕೆಲ್ವಿನ್, ಅಂದರೆ ಹಳದಿ ಛಾಯೆಯ ಬೆಳಕಿನದ್ದು, ಪಾರದರ್ಶಕ ಗಾಜಿನದ್ದು. ಹಾಲುಬಣ್ಣದ ಬಲ್ಬಿಗೆ ಗಾಜಿನ ಕಡ್ಡಿಗಳು ಮಿನುಗುವುದಿಲ್ಲ, ಬೆಳಕಿನ ಬಿಂದು ಸಣ್ಣದಿರಬೇಕು.

ಮಗ ತರುವುದನ್ನು ಹೊಸ ಭಾಗದ ಮೆಟ್ಟಿಲ ಬಳಿ ತೂಗಿ. ಎರಡು ಮಾಳಿಗೆ ಎತ್ತರ, ಬಿಳಿ ಗೋಡೆ, ಹತ್ತುವಾಗ ಇಳಿಯುವಾಗ ನೋಡುವವರ ಕಣ್ಣೇ ಚಲಿಸುವುದರಿಂದ ಗಾಜು ಮಿನುಗುತ್ತದೆ. ಗಾತ್ರಕ್ಕೆ ಒಂದು ಅಂದಾಜು: ಕೋಣೆಯ ಉದ್ದ, ಅಗಲವನ್ನು ಅಡಿಗಳಲ್ಲಿ ಕೂಡಿಸಿ, ಬಂದ ಸಂಖ್ಯೆಯಷ್ಟು ಇಂಚು ವ್ಯಾಸ. 12ಕ್ಕೆ 16 ಇದ್ದರೆ 28 ಇಂಚು. ಆನ್‌ಲೈನಿನಲ್ಲಿ ಕ್ರಿಸ್ಟಲ್ ಎಂದು ಬರೆದದ್ದೆಲ್ಲ ಸೀಸದ ಗಾಜಲ್ಲ. ಯುರೋಪಿನ ನಿಯಮದಲ್ಲಿ ಲೆಡ್ ಕ್ರಿಸ್ಟಲ್ ಎನ್ನಲು ಶೇ. 24ರಷ್ಟು ಸೀಸದ ಆಕ್ಸೈಡ್ ಬೇಕು. ಕೆ9 ಎಂದಿದ್ದರೆ ಅದು ಸೀಸವಿಲ್ಲದ ಸ್ವಚ್ಛ ಗಾಜು, ಮನೆಗೆ ಧಾರಾಳ ಸಾಕು. ಆಕ್ರಿಲಿಕ್ ಮಾತ್ರ ಬೇಡ, ಕೆಲವು ವರ್ಷದಲ್ಲಿ ಹಳದಿಯಾಗುತ್ತದೆ. ಕೈಗೆ ಹಗುರ, ಮುಟ್ಟಿದರೆ ತಂಪಿಲ್ಲ, ಅಂಚು ಮೊಂಡು ಎಂದರೆ ಅದೇ. ಗಾಜಿನದ್ದರಲ್ಲೂ ಕತ್ತರಿಸಿ ಮಾಡಿದ ಅಂಚು ಬೆರಳಿಗೆ ಚೂಪಾಗಿ ತಾಗುತ್ತದೆ, ಅಚ್ಚಿನಲ್ಲಿ ಒತ್ತಿದ್ದು ದುಂಡಗಿರುತ್ತದೆ. ಫಿರೋಜಾಬಾದಿನವರೂ ಚೆನ್ನಾಗಿ ಮಾಡುತ್ತಾರೆ, ಹಡಗಿನಲ್ಲಿ ತರಿಸುವ ಮೊದಲು ಅಲ್ಲಿನದ್ದನ್ನೂ ನೋಡಲಿ. ಲೋಲಕಗಳನ್ನು ಕೂಡಿಸುವ ಪಿನ್ನು ಹಿತ್ತಾಳೆಯದ್ದೋ ಸ್ಟೀಲಿನದ್ದೋ ಎಂದು ಕೇಳಲು ಹೇಳಿ. ಬಣ್ಣ ಹಚ್ಚಿದ ಕಬ್ಬಿಣದ ಪಿನ್ನು ನಮ್ಮ ಮಳೆಗಾಲದ ಥಂಡಿಗೆ ತುಕ್ಕು ಹಿಡಿದು ಒಂದೊಂದೇ ಉದುರುತ್ತದೆ. ತೂಕವನ್ನು ಕೇಳಿ ತಿಳಿದು, ಸ್ಲ್ಯಾಬ್ ಹಾಕುವಾಗಲೇ ಅದರ ಹಲವು ಪಟ್ಟು ಭಾರ ತಾಳುವ ಹುಕ್ಕು ಇಡಿಸಿ. ಫ್ಯಾನಿನ ಹುಕ್ಕಿಗೆ ಸಿಕ್ಕಿಸುವುದು ಬೇಡ. ಇಳಿಸುವ ಮೋಟಾರು ವಿಂಚ್ ಸಿಗುತ್ತದೆ, ಅಷ್ಟು ಎತ್ತರಕ್ಕೆ ಅದು ಶೋಕಿಯಲ್ಲ: ಮೊದಲ ಮಳೆ ಬಿದ್ದ ಸಂಜೆ ರೆಕ್ಕೆಹುಳಗಳೆಲ್ಲ ಅದರೊಳಗೇ ಹೋಗಿ ಬೀಳುವುದು.

ಚಾವಡಿಯ ದೀಪವನ್ನು ತೂಗುವಾಗ ರೀಪಿಗಾಗಲಿ ಮುಚ್ಚಿಗೆಯ ಹಲಗೆಗಾಗಲಿ ಹುಕ್ಕು ಹಾಕಬೇಡಿ. ತೊಲೆಗೆ ಕಬ್ಬಿಣದ ಪಟ್ಟಿ ಸುತ್ತಿ ಬೋಲ್ಟು ಬಿಗಿದು ಅದರಿಂದ ಇಳಿಸಿ, ಮೊದಲು ತೊಲೆಯಲ್ಲಿ ಗೆದ್ದಲು ಇಲ್ಲವೆಂದು ಬಡಗಿ ಉಳಿ ಚುಚ್ಚಿ ನೋಡಲಿ. ಮತ್ತೆ ಹಿತ್ತಾಳೆಗೆ ಹುಣಸೆಹುಳಿ ಹಚ್ಚಿ ತಿಕ್ಕುವ ಆಸೆ ಬೇಡ, ಆ ಕಾಲದ ಬಹಳಷ್ಟು ದೀಪಗಳಿಗೆ ತೆಳುವಾದ ಅರಗಿನ ಹೊಳಪು ಹಚ್ಚಿರುತ್ತಿದ್ದರು. ಮೆದು ಬಟ್ಟೆ, ಹದ ಬಿಸಿನೀರು, ಸ್ವಲ್ಪ ಸೋಪು ಸಾಕು. ಗಾಜಿನ ಕಡ್ಡಿಗಳನ್ನು ಒಂದೊಂದಾಗಿ ಬಿಚ್ಚಿ, ತೊಳೆದು, ನೆರಳಲ್ಲಿ ಒಣಗಿಸಿ. ಎರಡೋ ಮೂರೋ ಕಡಿಮೆ ಇದ್ದರೆ ಚಿಂತೆಯಿಲ್ಲ, ಇದ್ದವನ್ನು ಸಮ ಅಂತರದಲ್ಲಿ ಹಂಚಿ ಹಾಕಿ.